ಸಿಆರ್‌ಪಿ 4.6: ನನ್ನ ಅನುಭವ

ದಾವಣಗೆರೆಯಲ್ಲಿ ವೈದ್ಯವೃತ್ತಿ ಮಾಡಿಕೊಂಡಿರುವ ನಾನು, ರೋಗಿಗಳಿಗೆ ಬರೆದುಕೊಡುತ್ತಿದ್ದ ಎಚ್‌ಎಸ್-ಸಿಆರ್‌ಪಿ ಎಂಬ, ಉರಿಯೂತವನ್ನು ಅಳೆಯುವ ರಕ್ತಪರೀಕ್ಷೆಯನ್ನು ನಲವತ್ತೇಳನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಮಾಡಿಸಿಕೊಂಡೆ. ಲೀಟರಿಗೆ 4.6 ಮಿಲಿಗ್ರಾಂ ಬಂತು. ಹೃದಯದ ಮಟ್ಟಿಗೆ 1ಕ್ಕಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು. ಜ್ವರವಿಲ್ಲ, ಗಾಯವಿಲ್ಲ, ಆದರೂ ಯಕೃತ್ತು ಉರಿಯೂತದ ಈ ಪ್ರೋಟೀನನ್ನು ತಯಾರಿಸುತ್ತಲೇ ಇತ್ತು. ದಿನಕ್ಕೆ ಎಂಟು ಸಿಗರೇಟು, ಐದು ಗಂಟೆಯ ನಿದ್ದೆ, 98 ಸೆಂಟಿಮೀಟರ್ ಸೊಂಟ, ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ.

ಆದರೂ ಮೊದಲು ಮಾಡಿದ್ದು ದಡ್ಡತನವನ್ನೇ. ಉರಿಯೂತದ ಹಿಂದಿರುವ ಉತ್ಕರ್ಷಣ ಒತ್ತಡಕ್ಕೆ, ಅಂದರೆ ಜೀವಕೋಶದಲ್ಲಿ ಕ್ರಿಯಾಶೀಲ ಆಮ್ಲಜನಕ ಮಿತಿಮೀರುವುದಕ್ಕೆ, ಅದನ್ನು ತಣಿಸುವ ಉತ್ಕರ್ಷಣ ನಿರೋಧಕವೇ ಮದ್ದೆಂದು ಮೂರು ತಿಂಗಳು ವಿಟಮಿನ್ ಸಿ ಮತ್ತು ಇ ಮಾತ್ರೆ ನುಂಗಿದೆ, ಸಿಆರ್‌ಪಿ 4.4ರಲ್ಲಿ ನಿಂತಿತು. ಫಿನ್‌ಲ್ಯಾಂಡಿನಲ್ಲಿ 29,133 ಧೂಮಪಾನಿ ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೀಟಾ ಕ್ಯಾರೊಟಿನ್ ಎಂಬ ಇಂಥದೇ ಉತ್ಕರ್ಷಣ ನಿರೋಧಕ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತೆಂಬುದು ನನಗೆ ಗೊತ್ತಿದ್ದ ವಿಷಯವೇ.

ಹೊಗೆ, ಹೊಟ್ಟೆಯೊಳಗಿನ ಕೊಬ್ಬು, ಊಟದ ನಂತರ ಏರುವ ಸಕ್ಕರೆ ಇವೆಲ್ಲ ಜೀವಕೋಶದಲ್ಲಿ ಕ್ರಿಯಾಶೀಲ ಆಮ್ಲಜನಕದ ಅಣುಗಳನ್ನು ಹೆಚ್ಚಿಸುತ್ತವೆ. ಅವು ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಎಚ್ಚರಿಸಿದಾಗ ಉರಿಯೂತದ ವಂಶವಾಹಿಗಳು ಚಾಲೂ ಆಗಿ, ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ಒಯ್ಯುವ ಪ್ರೋಟೀನು ರಕ್ತಕ್ಕೆ ಸೇರಿ, ಯಕೃತ್ತು ಸಿಆರ್‌ಪಿ ಹೊರಬಿಡುತ್ತದೆ. ತೊಡಕಿರುವುದು ಮುಂದೆ: ಉರಿಯೂತದ ಜಾಗಕ್ಕೆ ಬಂದ ಬಿಳಿ ರಕ್ತಕಣಗಳು ಸೂಕ್ಷ್ಮಜೀವಿಗಳನ್ನು ಕೊಲ್ಲಲೆಂದು ತಾವೇ ಸೂಪರ್‌ಆಕ್ಸೈಡ್ ಎಂಬ ಕ್ರಿಯಾಶೀಲ ಆಮ್ಲಜನಕವನ್ನು ತಯಾರಿಸಿ, ಮೊದಲಿದ್ದ ಒತ್ತಡವನ್ನು ಇನ್ನಷ್ಟು ಹೆಚ್ಚಿಸುತ್ತವೆ. ನನ್ನ ಮಾತ್ರೆಗಳು ಸೌದೆ ಹಿರಿಯದೆ ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಇದ್ದವು.

ಸಿಗರೇಟು ಬಿಟ್ಟೆ, ರಾತ್ರಿ ಪಾಳಿಯನ್ನು ವಾರಕ್ಕೊಂದಕ್ಕೆ ಇಳಿಸಿದೆ, ಬೆಳಿಗ್ಗೆ ನಲವತ್ತು ನಿಮಿಷ ನಡೆದೆ. ಬಜ್ಜಿ ಪೂರ್ತಿ ಬಿಟ್ಟೆನೆಂದರೆ ಊರವರು ನಂಬುವುದಿಲ್ಲ, ತಿಂಗಳಿಗೆ ಎರಡು ಸಲ ಎನ್ನೋಣ. ಸಿಗರೇಟು ಬಿಟ್ಟು ಎರಡು ವಾರವಾಗಿತ್ತು, ಹಲ್ಲುಜ್ಜುವ ಬ್ರಷ್ಷಿನ ಬಿಳಿ ಎಳೆಗಳ ಬುಡದಲ್ಲಿ ಕೆಂಪು ಕಾಣಿಸಿತು. ನಿಕೋಟಿನ್ ರಕ್ತನಾಳಗಳನ್ನು ಬಿಗಿದು ವಸಡಿನ ರೋಗವನ್ನು ಇಷ್ಟು ವರ್ಷ ಮುಚ್ಚಿಟ್ಟಿತ್ತು ಎಂದು ದಂತವೈದ್ಯರು ವಿವರಿಸಿದರು. ಅದೇ ವಾರ ಒಂದು ಹಲ್ಲಿನ ಬುಡದಲ್ಲಿ ಕೀವಾಗಿ ಸಿಆರ್‌ಪಿ 11ಕ್ಕೆ ಏರಿತು. 10 ದಾಟಿದ ಅಂಕಿಯನ್ನು ಸೋಂಕಿನ ಲೆಕ್ಕಕ್ಕೆ ಸೇರಿಸಿ ಬದಿಗಿಡಬೇಕು. ನಾನು ಮಾತ್ರ ಒಂದು ರಾತ್ರಿ ಗಾಬರಿಯಲ್ಲೇ ಕಳೆದೆ.

ವಸಡು ಶುಚಿ ಮಾಡಿಸಿ ಆರು ತಿಂಗಳಾದ ಮೇಲೆ, ಎರಡು ವಾರದ ಅಂತರದಲ್ಲಿ ಮಾಡಿಸಿದ ಎರಡು ಪರೀಕ್ಷೆಗಳಲ್ಲಿ 1.9 ಮತ್ತು 1.7 ಬಂದವು, ಸೊಂಟ 92ಕ್ಕೆ ಇಳಿದಿತ್ತು. ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದರಿಂದ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲಾರೆ. ನನ್ನ ಅನುಮಾನ ವಸಡಿನ ಕಡೆಗೇ ಹೆಚ್ಚು. ಈಗ ಯಾರಿಗಾದರೂ ಈ ಪರೀಕ್ಷೆ ಬರೆಯುವ ಮೊದಲು, ಬಾಯಿ ತೆರೆಸಿ ಟಾರ್ಚು ಹಿಡಿದು ನೋಡುತ್ತೇನೆ.