ಮನೆ ಮುಂದೆ ಪೋರ್ಟಿಕೋ ಹಾಕ್ಸೋ ಮುಂಚೆ ಪೇಪರ್ ಸರಿ ಮಾಡ್ಕೊಳ್ಳಿ

ಕೊಡಗಲ್ಲಿ ಮೇ ತಿಂಗಳು ಬಂತು ಅಂದ್ರೆ ವೆಲ್ಡಿಂಗ್‌ನೋರು ಕೈಗೇ ಸಿಗಲ್ಲ, ಮಳೆ ಹಿಡಿಯೋದ್ರೊಳಗೆ ಎಲ್ರಿಗೂ ಮನೆ ಮುಂದೆ ಶೀಟಿನ ಪೋರ್ಟಿಕೋ ಆಗ್ಬೇಕು. ಆಗ್ಲಿ. ಆದ್ರೆ "ನಾಕು ಪೈಪು, ಶೀಟು ತಾನೆ, ಇದಕ್ಕೆಂಥ ಪರ್ಮಿಷನ್" ಅನ್ನೋ ಮಾತು ಮಾತ್ರ ನಂಬ್ಬೇಡಿ. ಪಂಚಾಯತ್ ರಾಜ್ ಕಾಯ್ದೆಯಲ್ಲಿ ಕಟ್ಟಡ ಅಂದ್ರೆ ಶೆಡ್ಡು, ವೆರಾಂಡಾ, ಬಾಗಿಲ ಮೆಟ್ಟಿಲು ಎಲ್ಲಾ ಸೇರುತ್ತೆ, ಇರೋ ಮನೆಗೆ ಹೊಸದಾಗಿ ಏನಾದ್ರೂ ಸೇರಿಸೋಕೂ 64ನೇ ಸೆಕ್ಷನ್ ಪ್ರಕಾರ ಗ್ರಾಮ ಪಂಚಾಯ್ತಿ ಲಿಖಿತ ಅನುಮತಿ ಬೇಕು. ಪೇಟೆಯೋರಿಗೆ 1964ರ ಪುರಸಭೆಗಳ ಕಾಯ್ದೆ, 187ನೇ ಸೆಕ್ಷನ್. ಇಂಗ್ಲೆಂಡಲ್ಲಿರೋ ನೆಂಟ್ರು "ನಮ್ಗೆ ಅರ್ಜಿನೇ ಬೇಕಾಗ್ಲಿಲ್ಲ" ಅಂದ್ರೆ ಅದು ಅಲ್ಲಿನ ಕಾನೂನು, ಚಿಕ್ಕ ಪೋರ್ಚ್‌ಗೆ ಸಾಮಾನ್ಯವಾಗಿ ಅಲ್ಲಿ ವಿನಾಯ್ತಿ ಇದೆ.

ಮೊದ್ಲು ನಿಮ್ಮನೆ ಯಾರ ವ್ಯಾಪ್ತಿಗೆ ಬರುತ್ತೆ ನೋಡಿ. ಪಂಚಾಯ್ತಿನಾ, ಪೇಟೆನಾ, ಮಡಿಕೇರಿ ಸುತ್ತಮುತ್ತ ಆದ್ರೆ ಮೂಡಾ (ಮಡಿಕೇರಿ ನಗರಾಭಿವೃದ್ಧಿ ಪ್ರಾಧಿಕಾರ) ಕೂಡ ಸೇರುತ್ತಾ ಅಂತ ಕೇಳ್ಕೊಳ್ಳಿ. ಮಡಿಕೇರಿ ಕೋಟೆ ಹತ್ರದೋರು ಇನ್ನೂ ಹುಷಾರು, ಅದು ಕೇಂದ್ರ ಪುರಾತತ್ವ ಇಲಾಖೆ ಸ್ಮಾರಕ, ಸುತ್ತ 100 ಮೀಟರ್ ಹೊಸ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ತಗೊಂಡೇ ಮಾಡ್ಬೇಕು.

ಆಮೇಲೆ ಪೇಪರ್. ನಮ್ಮೂರಲ್ಲಿ ಕೆಲಸ ನಿಲ್ಲೋದೇ ಇಲ್ಲಿ. ಇ-ಸ್ವತ್ತಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಿಮ್ಮನೆ ನಮೂನೆ 9, 11 ಇದ್ರೆ ಅರ್ಧ ಗೆದ್ದಂಗೆ. ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯ ಕುಟುಂಬದ ಜಮೀನು) ಆದ್ರೆ ಆರ್‌ಟಿಸಿ ಅಂದ್ರೆ ಪಹಣಿಯಲ್ಲಿ ಪಟ್ಟೆದಾರರ (ಕುಟುಂಬದ ಮುಖ್ಯಸ್ಥರ) ಹೆಸ್ರು, ಜೊತೆಗೆ ಒಕ್ಕದೋರ (ಅದೇ ಮನೆತನದೋರ) ಹೆಸ್ರು ಸಾಲಾಗಿ ಇರೋದುಂಟು, ಒಬ್ರೇ ಹೋಗಿ ಅರ್ಜಿ ಕೊಟ್ರೆ ನಾಳೆ ಇನ್ನೊಬ್ರು ತಕರಾರು ಹಾಕ್ಬಹುದು, ಅದಕ್ಕೆ ಮೊದ್ಲೇ ಎಲ್ರ ಒಪ್ಪಿಗೆ ಬರವಣಿಗೆಯಲ್ಲಿ ತಗೊಂಡ್ಬಿಡಿ. (ಐನ್‌ಮನೆ, ಅಂದ್ರೆ ಮನೆತನದ ಮೂಲ ಮನೆ ಆದ್ರೆ ನನ್ನ ಕೇಳಿದ್ರೆ ಪೋರ್ಟಿಕೋ ಬೇಡವೇ ಬೇಡ, ಮುಂದಿನ ಜಗಲಿ ಕೈಯಾಲೆ, ಕೂರೋ ಮರದ ಹಲಗೆ ಐಮರ ಎಲ್ಲಾ ನೀಲಿ ಶೀಟ್ ಹಿಂದೆ ಮರೆಯಾಗಿ ಹೋಗುತ್ತೆ.) ತೋಟದೊಳಗಿನ ಮನೆ, ಕನ್ವರ್ಷನ್ (ಕೃಷಿ ಜಮೀನನ್ನ ಬೇರೆ ಬಳಕೆಗೆ ಬದಲಾಯಿಸೋದು) ಆಗಿಲ್ಲ ಅನ್ನೋರಿಗೆ ಭೂಕಂದಾಯ ಕಾಯ್ದೆ 95ನೇ ಸೆಕ್ಷನ್‌ನಲ್ಲಿ ಫಾರ್ಮ್ ಹೌಸ್‌ಗೆ ಅವಕಾಶ ಇದೆ, ಹಿಡುವಳಿಯ ಶೇ 10 ಮೀರಬಾರ್ದು, ಆದ್ರೆ ಅದು ಕೃಷಿಕರ ವಾಸಕ್ಕೆ, ಹೋಮ್‌ಸ್ಟೇ ಗೆಸ್ಟ್‌ಗಳ ಕಾರ್ ನಿಲ್ಸೋಕೆ ಅಂದ್ರೆ ಕಥೆ ಬೇರೆ.

ಅಳತೆ ತಗೊಳ್ಳುವಾಗ ಕಂಬದಿಂದ ಅಲ್ಲ, ಶೀಟ್ ತುದಿಯಿಂದ ತಗೊಳ್ಳಿ. ಬಿಡ್ಬೇಕಾದ ಜಾಗ ಎಷ್ಟು ಅನ್ನೋದು ಸೈಟ್ ಅಳತೆ, ರಸ್ತೆ ಅಗಲ ನೋಡಿ ಆಫೀಸಲ್ಲೇ ಹೇಳ್ತಾರೆ, ರಾಷ್ಟ್ರೀಯ ಹೆದ್ದಾರಿ 275ರ ಪಕ್ಕ ಇರೋರಿಗೆ ಹೆದ್ದಾರಿಗೆ ಬಿಡ್ಬೇಕಾದ ಗೆರೆನೂ ಲೆಕ್ಕಕ್ಕೆ ಬರುತ್ತೆ. ಕರೆಂಟ್ ವಯರ್ ಹತ್ರ ಇದ್ರೆ ಎಲ್‌ಟಿ (ಮನೆಗಳಿಗೆ ಕರೆಂಟ್ ತರೋ ಕಡಿಮೆ ವೋಲ್ಟೇಜ್) ಲೈನಿಗೆ ಮೇಲೆ 2.5 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರ ಬೇಕು. ಸೂರಿನ ನೀರು ಪಕ್ಕದ ಮನೆ ಅಂಗಳಕ್ಕೆ ಬೀಳದಂಗೆ ಇಳಿಜಾರು ಕೊಡಿ, ಇಲ್ಲಿನ ಮಳೆಗೆ ಅದೇ ದೊಡ್ಡ ಜಗಳ.

ಕಾರ್ ಹಿಡಿಸೋಕೆ ಜಾಗ ಸಾಲಲ್ಲ ಅಂತ ಬರೆ (ಮನೆ ಪಕ್ಕದ ಮಣ್ಣಿನ ದಿಣ್ಣೆ) ಕಡಿಯೋ ಪ್ಲಾನ್ ಇದ್ರೆ ಅಲ್ಲೇ ನಿಲ್ಲಿಸಿ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಜಿಲ್ಲೆ ಇದು. ಒಂದಿನದ ಜೆಸಿಬಿ ಬಾಡಿಗೆ ಹೋದ್ರೆ ದೊಡ್ಡ ಮಾತಲ್ಲ, ಕಡಿದ ಬರೆ ಜಾರಿದ್ರೆ ಮನೆನೇ ಹೋಗುತ್ತೆ. ಕಡಿಯಲೇಬೇಕು ಅಂದ್ರೆ ಎಂಜಿನಿಯರ್ ಕರ್ಸಿ, ತಡೆಗೋಡೆ, ನೀರು ಹೋಗೋ ದಾರಿ ಎರಡೂ ಸ್ಕೆಚ್‌ನಲ್ಲೇ ತೋರಿಸಿ.

ಸ್ಕೆಚ್‌ನಲ್ಲಿ ಇರೋ ಮನೆ ಒಂದು ಬಣ್ಣ, ಹೊಸದು ಕೆಂಪು. ಹಳ್ಳಿಯೋರು ಪಂಚಾಯ್ತಿ ಬಾಪೂಜಿ ಸೇವಾ ಕೇಂದ್ರದಲ್ಲಿ ಅರ್ಜಿ, ಖಾತೆ, ತೆರಿಗೆ ರಶೀದಿ, ಫೋಟೋ ಕೊಡಿ, ಸ್ವೀಕೃತಿ ಇಸ್ಕೊಳ್ದೆ ಬರ್ಬೇಡಿ, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) "ಮಾಡಿ ಪರ್ವಾಗಿಲ್ಲ" ಅಂತ ಬಾಯಲ್ಲಿ ಹೇಳಿದ್ದು ಅನುಮತಿ ಅಲ್ಲ. ಕಾಫಿ ಕುಯ್ಲಿನ ಟೈಮಲ್ಲೇ ಕೊಟ್ಬಿಟ್ರೆ ಒಳ್ಳೇದು, ಹೆಂಗೂ ಆಗ ಕೆಲ್ಸಕ್ಕೆ ಜನ ಸಿಗಲ್ಲ. ಪೇಟೆಯಲ್ಲಿ "ಆಮೇಲೆ ಅಕ್ರಮ-ಸಕ್ರಮದಲ್ಲಿ ಮಾಡಿಸ್ಕೊಂಡ್ರಾಯ್ತು" ಅನ್ನೋರಿಗೆ, ಆ ಸ್ಕೀಮ್‌ಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿದೆ.

ಕೆಲ್ಸ ಮುಗಿದ್ಮೇಲೆ ಹೊಸ ಅಳತೆನ ತೆರಿಗೆ ದಾಖಲೆಗೆ ಸೇರಿಸಿ, ತೆರಿಗೆ ಸ್ವಲ್ಪ ಜಾಸ್ತಿ ಆಗುತ್ತೆ ಅಷ್ಟೆ. ಬಿಟ್ರೆ ಲೋನ್‌ಗೆ ಹೋದ ದಿನ ಬ್ಯಾಂಕ್ ಎಂಜಿನಿಯರ್ ಬಂದು ಮನೆ ಮುಂದೆ ನಿಂತು ಫೋಟೋ ತೆಗೀತಾರೆ, ಪ್ಲಾನಲ್ಲಿ ಇಲ್ದಿರೋ ಪೋರ್ಟಿಕೋನೇ ಮೊದ್ಲು ಬೀಳೋದು ಕಣ್ಣಿಗೆ.