ಮಾರಾ ನದಿಯ ದಂಡೆಯಲ್ಲಿ ತಂಗುವವರಿಗೆ: ನಮ್ಮ ಭಾಗದ ಪ್ರವಾಸಿಗರಿಗೊಂದು ಕೈಪಿಡಿ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಂದ ಕೆನ್ಯಾದ ಮಸಾಯಿ ಮಾರಾಕ್ಕೆ ಹೊರಡುವ ಕುಟುಂಬಗಳು ಸಾಮಾನ್ಯವಾಗಿ ವಿಮಾನದ ಟಿಕೆಟ್ಟು, ಜೀಪು, ಸಿಂಹ ಈ ಮೂರನ್ನೇ ವಿಚಾರಿಸುತ್ತವೆ. ತಾವು ರಾತ್ರಿ ಮಲಗಲಿರುವ ನದಿದಂಡೆಯ ಬಗ್ಗೆ ಹೆಚ್ಚಿನವರು ಏನನ್ನೂ ಕೇಳುವುದಿಲ್ಲ. ಹುಲ್ಲುಗಾವಲಿನಲ್ಲಿ ಚದುರಿ ಮೇಯುವ ಪ್ರಾಣಿಗಳೆಲ್ಲ ನೀರಿಗೆ ಬರಲೇಬೇಕಾದ್ದರಿಂದ, ದಂಡೆಯ ಮೇಲಿನ ಲಾಡ್ಜಿನಲ್ಲಿರುವುದೆಂದರೆ ಊರ ಅಗಸಿಯ ಕಟ್ಟೆಯ ಮೇಲೆ ಕುಳಿತಂತೆ. ಹೋಗುವವರೂ ಬರುವವರೂ ಎದುರಿಗೇ ಹಾಯ್ದು ಹೋಗುತ್ತಾರೆ. ಕೋಣೆಯ ಆಯ್ಕೆ, ಹೋಗುವ ತಿಂಗಳು, ರಾತ್ರಿಯ ನಡವಳಿಕೆ ಎಲ್ಲವನ್ನೂ ಈ ಒಂದು ಸಂಗತಿಯಿಂದಲೇ ನಿರ್ಧರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಮಾರಾ ನದಿ ಕೆನ್ಯಾದ ಮಾವು ಬೆಟ್ಟಕಾಡಿನಲ್ಲಿ ಹುಟ್ಟಿ, ಸುಮಾರು 395 ಕಿಲೋಮೀಟರ್ ಹರಿದು, ತಾಂಜಾನಿಯಾದಲ್ಲಿ ವಿಕ್ಟೋರಿಯಾ ಸರೋವರವನ್ನು ಸೇರುತ್ತದೆ. ನಡುವೆ ಅದು ಸುಮಾರು 1,510 ಚದರ ಕಿಲೋಮೀಟರ್ ವಿಸ್ತಾರದ ಮಸಾಯಿ ಮಾರಾ ರಕ್ಷಿತ ಪ್ರದೇಶವನ್ನು ಹಾದುಹೋಗುತ್ತದೆ. ತಾಲೆಕ್ ಎಂಬ ಉಪನದಿ ಪೂರ್ವದಿಂದ ಬಂದು ಅದನ್ನು ಕೂಡುತ್ತದೆ. ಲಾಡ್ಜುಗಳಲ್ಲಿ ಕೆಲವು ರಕ್ಷಿತ ಪ್ರದೇಶದ ಒಳಗೆ ಇವೆ, ಕೆಲವು ಗಡಿಯ ಹೊರಗೆ ಹಳ್ಳಿಗಳ ಹತ್ತಿರ ಇವೆ, ಇನ್ನು ಕೆಲವು ಮಸಾಯಿ ಜನರು ತಮ್ಮ ಜಮೀನನ್ನು ಒಟ್ಟುಗೂಡಿಸಿ ಬಾಡಿಗೆಗೆ ಕೊಟ್ಟಿರುವ ಖಾಸಗಿ ವನ್ಯಧಾಮಗಳಲ್ಲಿವೆ. ಈ ಮೂರರ ನಡುವಿನ ವ್ಯತ್ಯಾಸ ದೊಡ್ಡದು. ರಕ್ಷಿತ ಪ್ರದೇಶದೊಳಗೆ ರಾತ್ರಿಯ ಸಫಾರಿಗೂ ಕಾಲ್ನಡಿಗೆಗೂ ಅವಕಾಶವಿಲ್ಲ. ಖಾಸಗಿ ವನ್ಯಧಾಮಗಳಲ್ಲಿ ಸಾಮಾನ್ಯವಾಗಿ ಎರಡಕ್ಕೂ ಅವಕಾಶವಿರುತ್ತದೆ. ರಕ್ಷಿತ ಪ್ರದೇಶದ ಪ್ರವೇಶ ಶುಲ್ಕ 2024ರ ಜುಲೈನಿಂದ ವಿದೇಶಿ ವಯಸ್ಕರಿಗೆ, ಜುಲೈಯಿಂದ ಡಿಸೆಂಬರ್ ವರೆಗಿನ ತಿಂಗಳುಗಳಲ್ಲಿ, ತಲಾ ದಿನಕ್ಕೆ 200 ಡಾಲರ್ ಆಗಿದೆ. ಜನವರಿಯಿಂದ ಜೂನ್ ವರೆಗೆ ಅದು 100 ಡಾಲರ್. ನಾಲ್ಕು ಜನರ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲವಾದ್ದರಿಂದ, ಲಾಡ್ಜಿನವರು ಹೇಳುವ ದರದಲ್ಲಿ ಈ ಶುಲ್ಕ ಸೇರಿದೆಯೋ ಇಲ್ಲವೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿರಿ.

ತಿಂಗಳ ಆಯ್ಕೆಯಲ್ಲಿ ಎರಡು ಸಂಗತಿಗಳನ್ನು ತೂಗಿ ನೋಡಬೇಕು. ಹುಲ್ಲೆಯ ಜಾತಿಯ ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು ಝೀಬ್ರಾಗಳೊಂದಿಗೆ ತಾಂಜಾನಿಯಾದ ಸೆರೆಂಗೆಟಿ ಮತ್ತು ಕೆನ್ಯಾದ ಮಾರಾ ಬಯಲುಗಳ ನಡುವೆ ವರ್ಷವಿಡೀ ಸುತ್ತುತ್ತವೆ. ಅವು ಮಾರಾ ನದಿಯನ್ನು ದಾಟುವ ದೃಶ್ಯ ಕಾಣಸಿಗುವುದು ಸಾಮಾನ್ಯವಾಗಿ ಜುಲೈಯಿಂದ ಅಕ್ಟೋಬರ್ ವರೆಗೆ. ಆದರೆ ದಾಟುವ ದಿನವನ್ನು ಯಾರೂ ಹೇಳಲಾರರು. ಹಿಂಡು ಗಂಟೆಗಟ್ಟಲೆ ದಂಡೆಯಲ್ಲಿ ನಿಂತು, ನೀರು ಮುಟ್ಟದೆ ಹಿಂದಿರುಗುವುದೂ ಉಂಟು. ಆದ್ದರಿಂದ ದಿನಕ್ಕೊಂದು ಲಾಡ್ಜಿನಂತೆ ಮೂರು ಕಡೆ ಓಡಾಡಿಸುವ ಪ್ಯಾಕೇಜಿಗಿಂತ, ಒಂದೇ ದಂಡೆಯಲ್ಲಿ ಮೂರು ರಾತ್ರಿ ತಂಗುವುದು ಮೇಲು. ಎರಡನೆಯದು ಮಳೆ. ಅಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳು ದೊಡ್ಡ ಮಳೆಯವು, ನವೆಂಬರ್ ಸುಮಾರಿಗೆ ಸಣ್ಣ ಮಳೆ ಬರುತ್ತದೆ. ನಮ್ಮ ಮಕ್ಕಳ ಬೇಸಿಗೆ ರಜೆ ನೇರವಾಗಿ ಆ ದೊಡ್ಡ ಮಳೆಗೇ ಬಂದು ಬೀಳುತ್ತದೆ. ಆಗ ದರ ಇಳಿದಿರುತ್ತದೆ, ಕೆಲವು ಲಾಡ್ಜುಗಳು ಮುಚ್ಚಿಯೂ ಇರುತ್ತವೆ. ಮಾರಾದ ಬಹುಭಾಗದ ನೆಲ ನಮ್ಮ ಎರೆಭೂಮಿಯಂಥದೇ ಕರಿಮಣ್ಣು. ಡೋಣಿ ಸೀಮೆಯ ಹೊಲದಲ್ಲಿ ಮಳೆಗಾಲಕ್ಕೆ ಟ್ರ್ಯಾಕ್ಟರ್ ಹೂತದ್ದನ್ನು ಕಂಡವರಿಗೆ ಅಲ್ಲಿನ ಜೀಪಿನ ಗತಿಯನ್ನು ವಿವರಿಸಬೇಕಾಗಿಲ್ಲ.

ಮಳೆಯ ಮಾತು ಬಂದಾಗ ದಂಡೆಯ ಎತ್ತರವನ್ನೂ ಕೇಳಬೇಕಾಗುತ್ತದೆ. 2024ರ ಮೇ ಮೊದಲ ವಾರದಲ್ಲಿ ತಾಲೆಕ್ ನದಿ ಉಕ್ಕಿ ಹನ್ನೆರಡಕ್ಕೂ ಹೆಚ್ಚು ಶಿಬಿರಗಳು (ಟೆಂಟುಗಳೇ ಕೋಣೆಗಳಾಗಿರುವ ಲಾಡ್ಜುಗಳು) ಜಲಾವೃತವಾಗಿ, ಪ್ರವಾಸಿಗರನ್ನು ಹೆಲಿಕಾಪ್ಟರ್ ಮೂಲಕ ಸಾಗಿಸಬೇಕಾಯಿತು. 2019ರಲ್ಲಿ ಮಲಪ್ರಭೆ, ಘಟಪ್ರಭೆಗಳು ಏನು ಮಾಡಿದವೆಂಬುದನ್ನು ಬಲ್ಲ ನಾವು, ಟೆಂಟು ನೀರಿನ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಅದರ ಜೊತೆಗೆ, ಶಿಬಿರಕ್ಕೆ ಬೇಲಿ ಇದೆಯೇ, ಊಟದ ಮನೆಯಿಂದ ನಿಮ್ಮ ಟೆಂಟು ಎಷ್ಟು ದೂರ, ಮೆಟ್ಟಿಲುಗಳೆಷ್ಟು, ವಿದ್ಯುತ್ತು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಇರುತ್ತದೆ, ಬಿಸಿನೀರು ಯಾವಾಗ ಬರುತ್ತದೆ ಎಂಬುದನ್ನೂ ವಿಚಾರಿಸಿರಿ. ಬೇಲಿಯಿಲ್ಲದ ಶಿಬಿರಗಳಲ್ಲಿ ಹಲವು ಸಣ್ಣ ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ. ವಯಸ್ಸಿನ ಮಿತಿ ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ. ಮಂಡಿನೋವಿನ ಹಿರಿಯರಿದ್ದರೆ ಊಟದ ಮನೆಗೆ ಹತ್ತಿರವಿರುವ ಟೆಂಟನ್ನೇ ಕೇಳಿ ಪಡೆಯಿರಿ. ಕೊನೆಯ ಟೆಂಟಿನಿಂದ ನೋಟ ಚೆನ್ನಾಗಿರುತ್ತದೆ, ನಿಜ, ಆದರೆ ರಾತ್ರಿ ಅಲ್ಲಿಗೆ ನಡೆದು ಹೋಗುವುದು ಅವರಿಗೆ ಸುಲಭವಲ್ಲ.

ಕಾಗದಪತ್ರಗಳಲ್ಲಿ ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಕೆನ್ಯಾ 2024ರ ಜನವರಿಯಿಂದ ವೀಸಾ ಪದ್ಧತಿಯನ್ನು ಕೈಬಿಟ್ಟು, ಆನ್‌ಲೈನಿನಲ್ಲಿ ಮುಂಚಿತವಾಗಿ ಪಡೆಯುವ ಇಟಿಎ ಎಂಬ ಪ್ರಯಾಣ ಅನುಮತಿಯನ್ನು ಜಾರಿಗೆ ತಂದಿದೆ. ಅರ್ಜಿಯನ್ನು ಸರ್ಕಾರದ ಅಧಿಕೃತ ಜಾಲತಾಣದಲ್ಲಿಯೇ ಸಲ್ಲಿಸಿರಿ, ಅದೇ ಕೆಲಸಕ್ಕೆ ಹೆಚ್ಚು ಹಣ ಕೇಳುವ ಮಧ್ಯವರ್ತಿ ತಾಣಗಳು ಬಹಳ. ಇವೆಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಹಳದಿ ಜ್ವರದ ಲಸಿಕೆಯನ್ನು. ಕೆನ್ಯಾದಿಂದ ಭಾರತಕ್ಕೆ ಹಿಂದಿರುಗುವವರ ಬಳಿ ಇದರ ಪ್ರಮಾಣಪತ್ರ ಇಲ್ಲದಿದ್ದರೆ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಅವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಒಮ್ಮೆ ಹಾಕಿಸಿಕೊಂಡರೆ ಜೀವಮಾನವಿಡೀ ಸಾಕು. ಇದು ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆಯಾದ್ದರಿಂದ, ನಮ್ಮ ಭಾಗದವರು ಬೆಂಗಳೂರಿಗೋ ಮುಂಬಯಿಗೋ ಬೇರೆ ಕೆಲಸಕ್ಕೆ ಹೋದಾಗಲೇ, ಮೊದಲೇ ಸಮಯ ಗೊತ್ತುಮಾಡಿಕೊಂಡು, ಮುಗಿಸಿಕೊಳ್ಳುವುದು ಒಳ್ಳೆಯದು. ಅರವತ್ತು ದಾಟಿದವರು, ಗರ್ಭಿಣಿಯರು ಮತ್ತು ಮೊಟ್ಟೆಯ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಈ ಲಸಿಕೆ ಹಾಕಿಸಿಕೊಳ್ಳಬಾರದು. ಮಲೇರಿಯಾ ತಡೆಯುವ ಮಾತ್ರೆಗಳನ್ನು ಹೊರಡುವ ಮುನ್ನ ಆರಂಭಿಸಿ, ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ಮುಂದುವರಿಸಬೇಕು. ಊರಿಗೆ ಬಂದ ಮೇಲೆ ಜ್ವರ ಬಂದರೆ, ಕೆನ್ಯಾಕ್ಕೆ ಹೋಗಿದ್ದಾಗಿ ವೈದ್ಯರಿಗೆ ಮೊದಲು ತಿಳಿಸಿರಿ.

ಮುಂಬಯಿಯಿಂದ ನೈರೋಬಿಗೆ ನೇರ ವಿಮಾನಗಳಿವೆ. ಪ್ರಯಾಣ ಸುಮಾರು ಆರು ಗಂಟೆ. ನೈರೋಬಿಯಿಂದ ಮಾರಾಕ್ಕೆ ನಾರೋಕ್ ಪಟ್ಟಣದ ಮೂಲಕ ರಸ್ತೆಯಲ್ಲಿ ಐದಾರು ಗಂಟೆ ಹಿಡಿಯುತ್ತದೆ, ವಿಲ್ಸನ್ ವಿಮಾನ ನಿಲ್ದಾಣದಿಂದ ಹೊರಡುವ ಸಣ್ಣ ವಿಮಾನದಲ್ಲಿ ಒಂದು ಗಂಟೆಯೂ ಬೇಕಾಗುವುದಿಲ್ಲ. ಸಣ್ಣ ವಿಮಾನಕ್ಕೆ ಒಬ್ಬರಿಗೆ 15 ಕಿಲೋ ಸಾಮಾನು ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿ. ಗಟ್ಟಿ ಸೂಟ್‌ಕೇಸನ್ನು ನೈರೋಬಿಯಲ್ಲೇ ಬಿಟ್ಟುಹೋಗಬೇಕಾಗುತ್ತದೆ. ಕೆನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಗಳು 2017ರಿಂದ ನಿಷಿದ್ಧ. ರಕ್ಷಿತ ಅರಣ್ಯಗಳಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಬಾಟಲಿಗಳೂ 2020ರಿಂದ ನಿಷಿದ್ಧ. ಬಟ್ಟೆಯನ್ನೂ ತಿಂಡಿಯನ್ನೂ ಕ್ಯಾರಿಬ್ಯಾಗಿನಲ್ಲಿ ಕಟ್ಟುವ ನಮ್ಮ ಅಭ್ಯಾಸವನ್ನು ಮನೆಯಲ್ಲೇ ಬಿಡಬೇಕು. ಬಟ್ಟೆಯ ಚೀಲ, ಸ್ಟೀಲಿನ ಬಾಟಲಿ ಸಾಕು. ಅಲ್ಲಿನ ವಿದ್ಯುತ್ ಪ್ಲಗ್ಗಿಗೆ ಚೌಕಾಕಾರದ ಮೂರು ಕಡ್ಡಿಗಳಿರುವುದರಿಂದ ಅಡಾಪ್ಟರ್ ಬೇಕಾಗುತ್ತದೆ.

ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ತೆಳು ಬಟ್ಟೆಯನ್ನಷ್ಟೇ ತುಂಬಿಕೊಂಡರೆ ಮೊದಲ ಬೆಳಗ್ಗೆಯೇ ನಡುಗಬೇಕಾಗುತ್ತದೆ. ಮಾರಾ ಸಮುದ್ರಮಟ್ಟದಿಂದ ಸುಮಾರು 1,500 ಮೀಟರಿಗೂ ಎತ್ತರದಲ್ಲಿದೆ. ತೆರೆದ ಜೀಪಿನಲ್ಲಿ ಬೆಳಗಿನ ಆರು ಗಂಟೆಯ ಗಾಳಿಗೆ ಸ್ವೆಟರ್, ಕಿವಿ ಮುಚ್ಚುವ ಟೊಪ್ಪಿಗೆ ಎರಡೂ ಬೇಕು. ಬಣ್ಣಗಳಲ್ಲಿ ಖಾಕಿ, ಕಂದು, ಮಾಸಲು ಹಸಿರು ಒಳ್ಳೆಯವು. ಕಡುನೀಲಿ ಮತ್ತು ಕಪ್ಪು ಬಣ್ಣಕ್ಕೆ ಟ್ಸೆಟ್ಸೆ ನೊಣಗಳು ಮುತ್ತುತ್ತವೆ, ಅವುಗಳ ಕಡಿತ ಬಟ್ಟೆಯನ್ನೂ ದಾಟುತ್ತದೆ. ಸೈನಿಕರ ಸಮವಸ್ತ್ರದ ಮಾದರಿಯ ಬಟ್ಟೆ ಬೇಡ.

ಊಟದ ಚಿಂತೆ ನಮ್ಮವರಿಗೆ ಅಗತ್ಯಕ್ಕಿಂತ ಹೆಚ್ಚು. ಕೆನ್ಯಾದಲ್ಲಿ ಗುಜರಾತಿ, ಪಂಜಾಬಿ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವುದರಿಂದ ಚಪಾತಿ, ಸಮೋಸಾ, ಹಾಲು ಹಾಕಿದ ಚಹಾ ಅಲ್ಲಿನ ಎಲ್ಲರ ಆಹಾರವೇ ಆಗಿಬಿಟ್ಟಿವೆ. ಮಾಂಸಾಹಾರ ಬೇಡವೆಂದರೆ ಬೇಳೆ, ಸೊಪ್ಪು, ಅನ್ನ ಸಿಗುತ್ತದೆ. ಮೊಟ್ಟೆಯೂ ಬೇಡವಾದರೆ ಅದನ್ನು ಬುಕಿಂಗಿನಲ್ಲಿಯೇ ಬರೆಯಿಸಿರಿ. ಬಿಳಿ ಮೆಕ್ಕೆಜೋಳದ ಹಿಟ್ಟಿನಿಂದ ಮಾಡುವ ಉಗಾಲಿಯನ್ನು ಸೊಪ್ಪಿನ ಪಲ್ಯದೊಂದಿಗೆ ಒಮ್ಮೆಯಾದರೂ ಉಣ್ಣಿರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಒಯ್ಯುವುದಕ್ಕೆ ನನ್ನ ಅಡ್ಡಿಯಿಲ್ಲ. ಕೆಡದೆ ವಾರಗಟ್ಟಲೆ ಇರುವ ಬುತ್ತಿ ಅದು. (ನಮ್ಮ ಜೋಳ ಮೂಲತಃ ಆಫ್ರಿಕಾದ ಬೆಳೆಯೇ ಆದ್ದರಿಂದ, ರೊಟ್ಟಿಯ ಮಟ್ಟಿಗೆ ಇದು ತವರಿಗೆ ಹೋಗಿಬರುವ ಪ್ರಯಾಣ.) ಆದರೆ ಬೀಜ, ಹಣ್ಣು, ಹಸಿ ತರಕಾರಿ ಒಯ್ಯಬಾರದು. ಲಾಡ್ಜು ತಲುಪಿದ ಕೂಡಲೇ ಬುತ್ತಿಯ ಗಂಟನ್ನು ಅಡುಗೆಮನೆಯವರ ವಶಕ್ಕೆ ಕೊಡಬೇಕು, ಟೆಂಟಿನಲ್ಲಿ ಒಂದು ತುಂಡು ರೊಟ್ಟಿಯೂ ಉಳಿಯಬಾರದು. ನದಿಯ ಮರಗಳಲ್ಲಿ ವಾಸಿಸುವ ಬಬೂನ್‌ಗಳಿಗೂ ಸಣ್ಣ ವರ್ವೆಟ್ ಕೋತಿಗಳಿಗೂ ಟೆಂಟಿನ ಜಿಪ್ ಎಳೆಯುವುದು ಕಷ್ಟದ ಕೆಲಸವಲ್ಲ. ವಾಸನೆ ಹಿಡಿದು ಬಂದರೆ ಚೀಲಗಳನ್ನೆಲ್ಲ ಕೆದರಿ ಹೋಗುತ್ತವೆ.

ಇನ್ನು ರಾತ್ರಿಯ ಶಿಸ್ತು. ಇದೊಂದರಲ್ಲಿ ವಿನಾಯಿತಿ ಎಂಬುದಿಲ್ಲ. ನೀರಾನೆಗಳು ಹಗಲಿಡೀ ನೀರಿನಲ್ಲಿ ಮುಳುಗಿದ್ದು, ಕತ್ತಲಾದ ಮೇಲೆ ದಂಡೆ ಹತ್ತಿ ಮೇಯಲು ಬರುತ್ತವೆ. ಒಂದೊಂದು ರಾತ್ರಿಗೆ ಸುಮಾರು 40 ಕಿಲೋ ಹುಲ್ಲು ತಿಂದು ಬೆಳಕು ಹರಿಯುವ ಮೊದಲು ನೀರಿಗೆ ಮರಳುತ್ತವೆ. ಶಿಬಿರದ ಅಂಗಳದ ಮೆತ್ತನೆಯ ಹುಲ್ಲು ಅವುಗಳಿಗೂ ಇಷ್ಟ. ಒಂದೂವರೆ ಟನ್ನಿಗೂ ಮೀರಿ ತೂಗುವ ಈ ಪ್ರಾಣಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು, ಮತ್ತು ತನಗೂ ನೀರಿಗೂ ನಡುವೆ ಯಾರಾದರೂ ನಿಂತಿದ್ದರೆ ಹಿಂದೆಮುಂದೆ ನೋಡದೆ ಮೇಲೇರುತ್ತದೆ. ಆದ ಕಾರಣ ಸಂಜೆ ಕತ್ತಲಾದ ಮೇಲೆ ಊಟದ ಮನೆಗೆ ಹೋಗುವುದಕ್ಕೂ ಬರುವುದಕ್ಕೂ ಕಾವಲುಗಾರನನ್ನು ಕರೆಯಲೇಬೇಕು. ಅಸ್ಕಾರಿ ಎಂದು ಕರೆಯಲ್ಪಡುವ ಈ ಕಾವಲುಗಾರರು ಹೆಚ್ಚಾಗಿ ಸ್ಥಳೀಯ ಮಸಾಯಿಗಳು. ಟೆಂಟಿನ ಮುಂದೆ ಟಾರ್ಚ್ ಆಡಿಸಿದರೆ ಅಥವಾ ಕೋಣೆಯಲ್ಲಿಟ್ಟಿರುವ ಸೀಟಿ ಊದಿದರೆ ಬರುತ್ತಾರೆ. ಅವರು ನಿಲ್ಲಿ ಎಂದಲ್ಲಿ ನಿಲ್ಲಬೇಕು, ಅವರನ್ನು ಹಿಂದೆ ಹಾಕಿ ನಡೆಯಬಾರದು. ಫೋನು ಟೆಂಟಿನಲ್ಲಿ ಮರೆತು ಬಂದಿದ್ದರೆ ಒಬ್ಬರೇ ಓಡಿಹೋಗಿ ತರುವ ಕೆಲಸ ಬೇಡ. ಮಕ್ಕಳಿಗೆ ಇದನ್ನು ಬೆದರಿಸಿ ಹೇಳುವುದಕ್ಕಿಂತ ಕಾರಣ ಹೇಳಿ ತಿಳಿಸುವುದು ಮೇಲು.

ಟೆಂಟಿನೊಳಗೆ ಜಿಪ್ ಪೂರ್ತಿ ಎಳೆದು ಮಲಗಿದರೆ ಭಯಪಡುವ ಕಾರಣವಿಲ್ಲ, ಆದರೆ ನಿಶ್ಶಬ್ದವನ್ನು ನಿರೀಕ್ಷಿಸಬೇಡಿ. ನೀರಾನೆಗಳು ಗಹಗಹಿಸಿ ನಕ್ಕಂತೆ ಗೊರಗುಟ್ಟುತ್ತವೆ. ಕತ್ತೆಕಿರುಬದ ಕೂಗು ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಗುತ್ತದೆ. ಸಿಂಹದ ಗರ್ಜನೆ ಎಂಟು ಕಿಲೋಮೀಟರ್ ದೂರದಿಂದಲೂ ಕೇಳಬಲ್ಲುದಾದ್ದರಿಂದ ಪಕ್ಕದಲ್ಲೇ ಇದೆ ಎಂದೆನಿಸಿದರೂ ಇರಲಿಕ್ಕಿಲ್ಲ. ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಮರದ ಮೇಲಿನ ಹೈರಾಕ್ಸ್ ಎಂಬ, ಮೊಲದ ಗಾತ್ರದ, ಆನೆಯ ದೂರದ ಬಂಧುವಾದ ಪ್ರಾಣಿಯ ಚೀತ್ಕಾರ. ಹಾಸಿಗೆಯೊಳಗೆ ಕಾಲಿಗೆ ಬೆಚ್ಚಗಿನದೇನೋ ತಗುಲಿದರೆ ಕಿರುಚಬೇಡಿ: ಚಳಿಗೆಂದು ಕೆಲಸದವರು ಬಿಸಿನೀರಿನ ರಬ್ಬರ್ ಚೀಲ ಇಟ್ಟುಹೋಗುವುದು ಅನೇಕ ಶಿಬಿರಗಳ ರೂಢಿ.

ದಿನಚರಿ ಸರಳ. ಬೆಳಗಿನ ಸಫಾರಿ ಆರರ ಸುಮಾರಿಗೆ, ಸಂಜೆಯದು ನಾಲ್ಕರ ಸುಮಾರಿಗೆ ಹೊರಡುತ್ತದೆ. ಕೆನ್ಯಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದಿರುವುದರಿಂದ ಅಲ್ಲಿ ಐದೂವರೆಗೆ ಏಳುವುದು ನಮ್ಮ ದೇಹಕ್ಕೆ ಎಂಟು ಗಂಟೆಗೆ ಎದ್ದಂತೆ, ಹಾಗಾಗಿ ಕಷ್ಟವಾಗದು. ಜೀಪಿನಿಂದ ಇಳಿಯಬಾರದು, ಕೂಗಬಾರದು, ದಾರಿ ಬಿಟ್ಟು ಓಡಿಸೆಂದು ಚಾಲಕನನ್ನು ಒತ್ತಾಯಿಸಬಾರದು. ವೈಲ್ಡ್‌ಬೀಸ್ಟ್‌ಗಳು ದಂಡೆಗೆ ಬಂದಾಗ ಜೀಪನ್ನು ಅವುಗಳ ದಾರಿಗೆ ಅಡ್ಡ ನಿಲ್ಲಿಸಿದರೆ ಹಿಂಡು ಚದುರಿ, ಕಾದವರೆಲ್ಲರ ಹೊತ್ತು ವ್ಯರ್ಥವಾಗುತ್ತದೆ.

ಎರಡು ಸಫಾರಿಗಳ ನಡುವಿನ ಮಧ್ಯಾಹ್ನವನ್ನು ಹೆಚ್ಚಿನವರು ನಿದ್ದೆಯಲ್ಲಿ ಕಳೆಯುತ್ತಾರೆ. ನದಿದಂಡೆಯ ಕೋಣೆಗೆ ಹೆಚ್ಚು ಹಣ ಕೊಟ್ಟಿರುವುದು ಈ ಹೊತ್ತಿಗಾಗಿಯೇ ಎಂಬುದನ್ನು ನೆನಪಿಡಿರಿ. ದುರ್ಬೀನು ಹಿಡಿದು ವರಾಂಡದಲ್ಲಿ ಕುಳಿತರೆ, ಬಿಸಿಲೇರಿದಂತೆ ಆನೆಗಳು ಮರಿಗಳೊಂದಿಗೆ ಎದುರಿನ ದಂಡೆಗೆ ಇಳಿಯುವುದು, ಜಿರಾಫೆ ಮುಂಗಾಲುಗಳನ್ನು ಅಗಲಿಸಿ ಬಗ್ಗಿ ನೀರು ಕುಡಿಯುವುದು, ಮೀನು ಹಿಡಿಯುವ ಹದ್ದು ಮರದ ತುದಿಯಿಂದ ಎರಗುವುದು ಕಾಣಸಿಗುತ್ತದೆ. ಮರಳಿನ ಮೇಲೆ ಬಾಯಿ ತೆರೆದು ಬಿದ್ದುಕೊಂಡಿರುವುದು ನೈಲ್ ಮೊಸಳೆ. ಬಾಯಿ ತೆರೆಯುವುದು ಮೈಯ ಶಾಖವನ್ನು ಹತೋಟಿಯಲ್ಲಿಡಲು. ಆಲಮಟ್ಟಿ ಹಿನ್ನೀರಿನಲ್ಲಿಯೂ ಕೃಷ್ಣೆಯ ಮಡುಗಳಲ್ಲಿಯೂ ನಾವು ಕಾಣುವ ಮೊಸಳೆಗಿಂತ ಅದು ಉದ್ದ, ಮೂತಿ ಕಿರಿದು, ಸ್ವಭಾವವೂ ಹೆಚ್ಚು ಆಕ್ರಮಣಕಾರಿ. ಊರಿನಲ್ಲಿ ಹೊಳೆಗಿಳಿದು ಕೈಕಾಲು ತೊಳೆಯುವ ಅಭ್ಯಾಸವಿರುವವರು ಅಲ್ಲಿ ನೀರಿನ ಅಂಚಿಗೆ ಹಗಲಿನಲ್ಲಿಯೂ ಹೋಗಬಾರದು.

ಹೊರಡುವ ಹಿಂದಿನ ಸಂಜೆ ಬಖ್ಶೀಸಿನ ಲೆಕ್ಕ ಮುಗಿಸಿರಿ. ಸಫಾರಿಯ ಮಾರ್ಗದರ್ಶಕನಿಗೆ ಒಬ್ಬ ಅತಿಥಿಯಿಂದ ದಿನಕ್ಕೆ ಸುಮಾರು 10 ಡಾಲರ್ ಕೊಡುವುದು ರೂಢಿ, ಅದನ್ನು ಅವನ ಕೈಗೇ ಕೊಡಬೇಕು. ಅಡುಗೆಯವರು, ಕಾವಲುಗಾರರು, ಕೋಣೆ ನೋಡಿಕೊಳ್ಳುವವರಿಗೆಂದು ಕಚೇರಿಯ ಬಳಿ ಪೆಟ್ಟಿಗೆಯಿರುತ್ತದೆ. ಡಾಲರ್ ನೋಟುಗಳು ಹೊಸವಾಗಿರಲಿ, ಹರಿದ ಅಥವಾ ಹಳೆಯ ಮುದ್ರಣದ ನೋಟುಗಳನ್ನು ಅಲ್ಲಿ ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ಸಣ್ಣ ವಿಮಾನದ 15 ಕಿಲೋದಲ್ಲಿ ಕೈಚೀಲ, ಕ್ಯಾಮೆರಾ ಎಲ್ಲವೂ ಸೇರುವುದರಿಂದ ಚೀಲವನ್ನು ಅದೇ ರಾತ್ರಿ ಕಟ್ಟಿ, ಲಾಡ್ಜಿನ ತಕ್ಕಡಿಯಲ್ಲಿ ಒಮ್ಮೆ ತೂಗಿಸಿಡಿರಿ. ಹಾಗೆ ಮಾಡಿದರೆ ಬೆಳಗ್ಗೆ ಸಣ್ಣ ವಿಮಾನ ಇಳಿಯುವ ಓಡುದಾರಿಗೆ ಹೋಗುವ ಹಾದಿಯಲ್ಲೇ ಇನ್ನೊಂದು ಸಫಾರಿಗೆ ಹೊತ್ತು ಸಿಗುತ್ತದೆ.