ಕೀಸುವ ಮೊದಲು ತಿಂಗಳು ನೋಡಬೇಕು

ಸಾಗರ ತಾಲೂಕಿನ ನಮ್ಮ ಕಡೆ ಆಷಾಢ ಬಂತೆಂದರೆ ಊರಿನ ಬಾಗಿಲುಗಳೆಲ್ಲ ಬಿಗಿಯುತ್ತವೆ. ಸೊಸೈಟಿಯಲ್ಲಿ ಲೆಕ್ಕ ಬರೆದು, ಬಿಡುವಿನಲ್ಲಿ ಮರಗೆಲಸ ಮಾಡುವ ನನಗೆ ಆಗ ಕರೆ ಮೇಲೆ ಕರೆ: "ಅಣ್ಣಾ, ದೇವರ ಕೋಣೆ ಬಾಗ್ಲು ಹಾಕ್ಲಿಕ್ಕೇ ಆಗ್ತಿಲ್ಲ, ಒಂಚೂರು ಕೀಸಿ ಕೊಡ್ತೀರಾ?" ನಾನು ಕೀಸುವುದಿಲ್ಲ. ಮಳೆಗಾಲದಲ್ಲಿ ಕೀಸಿದ ಬಾಗಿಲು ಮಾಘದ ಹೊತ್ತಿಗೆ ಸಂದು ಬಿಡುತ್ತದೆ. ಉಜ್ಜುವ ಅಂಚಿಗೆ ಮೇಣದಬತ್ತಿ ತಿಕ್ಕಿ, ದೀಪಾವಳಿ ಕಳೆಯಲಿ ಅನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಮರ ಉಬ್ಬುವುದೂ ಕುಗ್ಗುವುದೂ ಅಡ್ಡಕ್ಕೆ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಗಾಳಿಯ ತೇವಾಂಶ ಶೇ. 90ರ ಆಸುಪಾಸು ವಾರಗಟ್ಟಲೆ ನಿಂತರೆ ಮರದೊಳಗಿನ ನೀರು ಅದರ ಒಣತೂಕದ ಶೇ. 20ರ ಹತ್ತಿರ ಬರುತ್ತದೆ; ಗಾಳಿ ಶೇ. 50ಕ್ಕೆ ಇಳಿದರೆ ಶೇ. 9ರ ಸುತ್ತಮುತ್ತ. ಈ ಲೆಕ್ಕ ಓದಿದ್ದು ಆಮೇಲೆ. ಮೊದಲು ಕಂಡದ್ದು ಹಳೆಯ ಬಾಗಿಲುಗಳಲ್ಲಿ. ಚೌಕಟ್ಟಿನ ಒಳಗೆ ಕೊರೆದ ಸಂದಿನಲ್ಲಿ ನಡುವಿನ ಹಲಗೆಯನ್ನು ಅಂಟು, ಮೊಳೆ ಏನೂ ಇಲ್ಲದೆ ಸುಮ್ಮನೆ ಕೂರಿಸಿರುತ್ತಾರೆ. ಬೇಸಿಗೆಯಲ್ಲಿ ಹತ್ತಿರ ಹೋಗಿ ನೋಡಿ: ಹಲಗೆಯ ಅಂಚಿಗೆ ಬಣ್ಣ ಕಾಣದ ಒಂದು ಸಪೂರ ಗೆರೆ. ಹಲಗೆ ಉಬ್ಬಿದ್ದಾಗ ಬಣ್ಣ ಹೊಡೆದಿದ್ದಾರೆ, ಈಗ ಅದು ಕುಗ್ಗಿ ಒಳಗೆ ಅಡಗಿದ್ದ ಬರಿಮರವನ್ನು ಹೊರಗೆ ಹಾಕಿದೆ. "ಗಟ್ಟಿ ಆಗ್ಲಿ" ಎಂದು ಯಾರೋ ಆ ಸಂದಿಗೆ ಅಂಟು ಸುರಿದ ಬಾಗಿಲುಗಳೂ ನನ್ನ ಕೈಗೆ ಬಂದಿವೆ. ಎಲ್ಲವೂ ನಡುವೆಯೇ ಸೀಳಿದವು.

ಊಟದ ಮಣೆಯದೂ ಇದೇ ಕತೆ. ಅಡಿಯ ಎರಡು ಅಡ್ಡಪಟ್ಟಿಗಳಿಗೆ ಮೊಳೆ ಹೊಡೆದರೆ ಹಲಗೆ ಆಡಲು ಜಾಗವಿಲ್ಲದೆ ಬಿರಿಯುತ್ತದೆ. ಅದಕ್ಕೆ ನಾನು ಪಟ್ಟಿಯ ಅಂಚನ್ನು ಓರೆಯಾಗಿ ಕೀಸಿ, ಹಲಗೆಯಲ್ಲಿ ಅದೇ ಓರೆಯ ಕಚ್ಚು ತೆಗೆದು, ಬದಿಯಿಂದ ಕೊಡತಿಯಲ್ಲಿ ಬಡಿದು ತೂರಿಸುತ್ತೇನೆ. ಅಮ್ಮ ಕೂತು ನೋಡುತ್ತಾಳೆ. "ಅಲ್ಲಾಡ್ತಲ್ಲೋ" ಅಂದರೆ ಮತ್ತೆ ಕೊಟ್ಟಿಗೆಗೆ. ಮಗಳು ಮರಳುಕಾಗದ ಹಿಡಿಯುತ್ತಾಳೆ, ಆದರೆ ಕೂಲಿ ಗೊತ್ತು ಮಾಡಿಕೊಂಡೇ. ಹೆಂಡತಿಯದು ಒಂದೇ ಕರಾರು: ದೀಪ ಹಚ್ಚಿದ ಮೇಲೆ ಮೆಷಿನ್ ಸದ್ದು ಕೂಡದು. ಹಾಗಾಗಿ ಸಂಜೆ ಉಳಿ ಮಸೆಯುವ ಹೊತ್ತು.

ನನ್ನ ಮರ ಹೆಚ್ಚಾಗಿ ಹಲಸು. ಗಾಳಿಗೆ ಬಿದ್ದದ್ದನ್ನು ಮಿಲ್ಲಿನಲ್ಲಿ ಕೊಯ್ಸಿ, ಹಲಗೆಗಳ ನಡುವೆ ರೀಪು ಕೊಟ್ಟು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಒಟ್ಟುತ್ತೇನೆ. ಒಂದಿಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಎಂಬ ರೂಢಿಯ ಲೆಕ್ಕಕ್ಕಿಂತ ನಮ್ಮ ಮಳೆಗೆ ತುಸು ಹೆಚ್ಚೇ ಬಿಡುವುದು ಲೇಸು. ಅಮಾವಾಸ್ಯೆ ಹತ್ತಿರ ಕಡಿದ ಮರಕ್ಕೆ ಕುಟ್ಟೆಹುಳ ಹಿಡಿಯುವುದಿಲ್ಲ ಎಂದು ಊರಿನ ಬಡಗಿ ಆಚಾರ್ರು ಹೇಳುತ್ತಾರೆ. ಬಿದ್ದ ಮರ ಪಂಚಾಂಗ ಕೇಳಿ ಬೀಳುತ್ತದೆಯೇ? ನಾನು ಮರದ ನಡುವಿನ ಗಟ್ಟಿಭಾಗ, ಚೇಗು, ಉಳಿಸಿಕೊಂಡು ಸುತ್ತಲಿನ ಬಿಳಿಭಾಗ ಕೊಯ್ದು ಒಲೆಗೆ ಹಾಕುತ್ತೇನೆ. ಹುಳ ಮೊದಲು ಹುಡುಕುವುದು ಅದನ್ನೇ.

ಏಪ್ರಿಲ್ ರಜೆಯಲ್ಲಿ ಸರ್ಕಾರಿ ಶಾಲೆಯ ಬೆಂಚುಗಳ ಶ್ರಮದಾನ. ನೆಲ ತೊಳೆದ ನೀರನ್ನು ಕಾಲಿನ ತುದಿ ಹೀರಿ ಹೀರಿ ಕೊಳೆತಿರುತ್ತದೆ, ಮೇಲೆ ಎಷ್ಟು ವಾರ್ನಿಷ್ ಬಳಿದರೂ ಅಷ್ಟೇ. ಕೊಳೆತಷ್ಟು ಕತ್ತರಿಸಿ ಮತ್ತಿಮರದ ತುಂಡನ್ನು ಅರ್ಧಕ್ಕರ್ಧ ಕಚ್ಚು ಕೂಡಿಸಿ ಜೋಡಿಸುತ್ತೇವೆ, ಇಲ್ಲಿ ಮಾತ್ರ ಅಂಟೂ ಸ್ಕ್ರೂ ಎರಡೂ ಬೇಕು. ತುದಿಗೆ ಗೇರುಸಿಪ್ಪೆಯ ಎಣ್ಣೆ. ಅದು ಚರ್ಮ ಸುಡುವ ಎಣ್ಣೆ, ಗ್ಲೌಸ್ ಇಲ್ಲದೆ ಮುಟ್ಟಬಾರದು, ಮಕ್ಕಳು ಕೂರುವ ಹಲಗೆಗಂತೂ ಬೇಡವೇ ಬೇಡ. ಊರಿನ ಹುಡುಗರು ಗರಗಸ ಹಿಡಿಯಲು ಮುನ್ನುಗ್ಗುತ್ತಾರೆ, ಉಜ್ಜುವ ಕೆಲಸ ಬಂದಾಗ ಚಹಾ ನೆನಪಾಗುತ್ತದೆ.

ದುಡ್ಡು ತೆಗೆದುಕೊಳ್ಳುವುದಿಲ್ಲ. ಬಾಳೆಗೊನೆ, ಜೋನಿಬೆಲ್ಲ ಬಂದರೆ ಬೇಡ ಅನ್ನುವುದೂ ಇಲ್ಲ. ಹೊಸ ಕಿಟಕಿ, ಮಂಚ ಮಾತ್ರ ಒಪ್ಪುವುದಿಲ್ಲ, ಅದು ಆಚಾರ್ರ ಅನ್ನದ ಕೆಲಸ. ಕೇಳಿ ಬಂದವರಿಗೆ ಅವರ ಫೋನ್ ನಂಬರ್ ಕೊಡುತ್ತೇನೆ. ಅವರು ಊರಿನ ಅಲ್ಲಾಡುವ ಸ್ಟೂಲುಗಳನ್ನೆಲ್ಲ ನನ್ನ ಕಡೆ ಅಟ್ಟುತ್ತಾರೆ.